ವ್ಯವಹಾರಪತ್ರಗಳಲ್ಲಿ ವ್ಯಾಕರಣ: ಎಡತೊರೆಯ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ವ್ಯಾಕರಣವು ಕವಿಗಳಿಗೂ ಪಂಡಿತರಿಗೂ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗಳಿಗೂ ಮಾತ್ರ ಬೇಕಾದ ಶಾಸ್ತ್ರವೆಂದೂ, ಹೊಲಮನೆಯ ವ್ಯವಹಾರದಲ್ಲಿ ತೊಡಗಿದವನಿಗೆ ಅದರಿಂದ ಆಗಬೇಕಾದುದು ಏನೂ ಇಲ್ಲವೆಂದೂ ನಮ್ಮಲ್ಲಿ ಒಂದು ನಂಬಿಕೆ ಬೇರೂರಿರುವುದು. ಕನ್ನಡ ವ್ಯಾಕರಣಗಳ ಇತಿಹಾಸವನ್ನು ಬರೆದವರು ಕೂಡ ಬಹುಮಟ್ಟಿಗೆ ಈ ನಂಬಿಕೆಗೆ ಇಂಬುಕೊಟ್ಟಿದ್ದಾರೆ. ಅವರ ಗ್ರಂಥಗಳಲ್ಲಿ ಸೂತ್ರಕಾರರ ಕಾಲ, ದೇಶ, ಮತ, ಪೂರ್ವಾಪರಗಳ ಚರ್ಚೆ ವಿಪುಲವಾಗಿ ದೊರೆಯುವುದು. ಆ ಸೂತ್ರಗಳು ವಿಧಿಸಿದ ಪ್ರತ್ಯಯಗಳನ್ನು ಆಶ್ರಯಿಸಿ ಯಾರು ಯಾರಿಗೆ ಏನನ್ನು ಕೊಟ್ಟರು, ಯಾರ ಭೂಮಿ ಯಾರಿಗೆ ಉಳಿಯಿತು ಎಂಬ ವಿಚಾರವು ದೊರೆಯುವುದಿಲ್ಲ. ಪ್ರಕೃತ ಲೇಖನವು ಈ ಎರಡನೆಯ ವಿಚಾರಕ್ಕೆ ಸಂಬಂಧಿಸಿದುದು.

ವಿಚಾರಕ್ಕೆ ಒಂದು ನೆಲೆ ಬೇಕಾದುದರಿಂದ ಮಿರ್ಲೆಯನ್ನು ಆರಿಸಿಕೊಂಡಿದ್ದೇನೆ. ಇದು ಕೃಷ್ಣರಾಜನಗರದ ಸೀಮೆಯ ಒಂದು ಹೋಬಳಿ ಗ್ರಾಮ. ಈ ಸೀಮೆಗೆ ಹಿಂದೆ ಎಡತೊರೆಯ ತಾಲ್ಲೂಕೆಂದು ಹೆಸರಿದ್ದಿತು. ಕಾವೇರಿಯ ಪ್ರವಾಹಕ್ಕೆ ಸಿಕ್ಕಿದ ಹಳೆಯ ಊರಿಗೆ ಬದಲಾಗಿ ಕಟ್ಟಿದ ಹೊಸ ಪಟ್ಟಣಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟ ಮೇಲೆ ತಾಲ್ಲೂಕಿಗೂ ಅದೇ ಹೆಸರು ಬಂದಿತು. ಚುಂಚನಕಟ್ಟೆ ಮುಂತಾದ ಅಣೆಕಟ್ಟೆಗಳಿಂದ ಹೊರಟ ನಾಲೆಗಳು ಹರಿಯುವ ಬತ್ತದ ಸೀಮೆ ಇದು. ನಾಲೆಯ ನೀರು ಹಾಯುವ ಗದ್ದೆಗೂ ಅದಕ್ಕೆ ನಾಲ್ಕು ಮಾರು ಮೇಲಿರುವ ಹೊಲಕ್ಕೂ ಬೆಲೆಯಲ್ಲಿ ಅಜಗಜಾಂತರ. ಇಂತಹ ನೆಲದಲ್ಲಿ ಕಾಗದಪತ್ರದ ಒಂದೊಂದು ಅಕ್ಷರಕ್ಕೂ ತೂಕವುಂಟು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಂಸ್ಕೃತ ವೈಯಾಕರಣರ ದೇವದತ್ತ ಯಜ್ಞದತ್ತರನ್ನು ಅವರ ಪಾಡಿಗೆ ಬಿಟ್ಟು, ಈ ಸೀಮೆಗೆ ಒಗ್ಗುವಂತೆ ನಂಜಪ್ಪ, ರಂಗೇಗೌಡ ಎಂಬ ಹೆಸರುಗಳನ್ನು ಇಟ್ಟುಕೊಳ್ಳಬಹುದು. ‘ನಂಜಪ್ಪನು ಮಾರಿದ ಗದ್ದೆ’ ಎಂದರೆ ನಂಜಪ್ಪನು ಗದ್ದೆಯನ್ನು ಕಳೆದುಕೊಂಡವನು. ‘ನಂಜಪ್ಪನಿಗೆ ಮಾರಿದ ಗದ್ದೆ’ ಎಂದರೆ ಅದನ್ನು ಪಡೆದವನು. ನಡುವೆ ಇರುವ ಅಂತರವು ಒಂದು ವಿಭಕ್ತಿಪ್ರತ್ಯಯದ್ದು ಮಾತ್ರ. ಇನ್ನು ‘ನಂಜಪ್ಪ ರಂಗೇಗೌಡನಿಗೆ ಮಾರಿದ ಗದ್ದೆ’ ಎಂದು ಬರೆದಿದ್ದರೆ, ನಂಜಪ್ಪನು ರಂಗೇಗೌಡನಿಗೆ ಮಾರಿದನೋ, ಅಥವಾ ಮೂರನೆಯವನೊಬ್ಬನು ಅವರಿಬ್ಬರಿಗೂ ಮಾರಿದನೋ? ಹಳೆಯ ಪತ್ರಗಳಲ್ಲಿ ಲೇಖನಚಿಹ್ನೆಗಳು ಇರುತ್ತಿರಲಿಲ್ಲವಾದುದರಿಂದ ಅಲ್ಪವಿರಾಮವು ಇಲ್ಲಿ ನೆರವಿಗೆ ಬಾರದು. ‘ನಂಜಪ್ಪನಿಗೂ ರಂಗೇಗೌಡನಿಗೂ’ ಎಂದು ಎರಡು ಕಡೆಗಳಲ್ಲಿಯೂ ಸಮುಚ್ಚಯದ ಊಕಾರವನ್ನು ಹಚ್ಚಿದ್ದಲ್ಲಿ ಸಂದೇಹವೇ ಹುಟ್ಟುತ್ತಿರಲಿಲ್ಲ. ಕರ್ತೃವನ್ನೂ ಸಂಪ್ರದಾನವನ್ನೂ ಪದಗಳ ಸ್ಥಾನದಿಂದಲ್ಲದೆ ಪ್ರತ್ಯಯದಿಂದ ಗುರುತಿಸುವ ಭಾಷೆ ನಮ್ಮದು. ಆದುದರಿಂದ ಪ್ರತ್ಯಯವು ಲೋಪವಾದೆಡೆಯಲ್ಲಿ ಅರ್ಥವು ಅನಾಥವಾಗುವುದು.

ಇದು ಇಂದಿನವರು ಕಂಡುಕೊಂಡ ಸಂಗತಿಯಲ್ಲ. ಮಿರ್ಲೆಯಿಂದ ಉತ್ತರಕ್ಕೆ ಹಾಸನದ ಜಿಲ್ಲೆಯಲ್ಲಿ, ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು, ಡಾ|| ಎಂ. ಹೆಚ್. ಕೃಷ್ಣರಿಂದ 1936ರ ಮೈಸೂರು ಪುರಾತತ್ತ್ವ ಇಲಾಖೆಯ ವರದಿಯಲ್ಲಿ ಬೆಳಕಿಗೆ ಬಂದ ಶಾಸನವನ್ನು ವಾಚಕರು ಬಲ್ಲರು. ಸುಮಾರು ಕ್ರಿ. ಶ. 450ರದೆಂದು ಬಹುಮಂದಿ ಒಪ್ಪಿರುವ ಈ ಶಾಸನದ ಮೊದಲ ಭಾಗವು ದೀರ್ಘಸಮಾಸಗಳಿಂದ ತುಂಬಿದೆ. ಅಲ್ಲಿ ಯಾವ ವಿಶೇಷಣವು ಯಾರಿಗೆ ಅನ್ವಯಿಸುವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ದಾನದ ಮಾತು ಬಂದೊಡನೆ ಶಾಸನವು ಕನ್ನಡದ ಪ್ರತ್ಯಯಗಳನ್ನು ಹಿಡಿಯುವುದು. ಅಲ್ಲಿಂದ ಮುಂದೆ ಮುಖ್ಯಾಂಶದಲ್ಲಿ ತೊಡಕಿಲ್ಲ. ಪಡೆದವನಾದ ವಿಜ ಅರಸನ ಹೆಸರಿಗೆ ‘ಗೆ’ ಪ್ರತ್ಯಯವು ಹತ್ತಿದೆ. ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಗ್ರಾಮಗಳ ಹೆಸರಿಗೂ ಪ್ರತ್ಯೇಕವಾಗಿ ‘ಉಂ’ ಹತ್ತಿದೆ. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಂಡರೆಂದು ಹೇಳುವುದಕ್ಕೆ ಅವಕಾಶವಿಲ್ಲ. ಕೊಟ್ಟವರ ಕ್ರಿಯಾಪದವು ಬಹುವಚನದಲ್ಲಿದೆ. ದಾನವನ್ನು ಅಳಿಸಿದವನಿಗೆ ಮಹಾಪಾತಕವು ತಗಲುವುದೆಂದು ಹೇಳುವಾಗ ಆ ಅಳಿದವನಿಗೂ ಅದೇ ‘ಗೆ’ ಪ್ರತ್ಯಯ. ವೀರನಿಗೆ ಊರು ಸಂದ ಬಗೆಯೂ ದ್ರೋಹಿಗೆ ಪಾಪ ಸಂದ ಬಗೆಯೂ ಒಂದೇ ಚತುರ್ಥಿಯಿಂದ. ಸಮಾಸದ ಆಡಂಬರವಿರುವ ಭಾಗವು ಹದಿನೈದು ಶತಮಾನಗಳ ಮೇಲೆ ಮಸುಕಾಗಿ, ಪ್ರತ್ಯಯಗಳಿರುವ ಭಾಗವು ಸ್ಫುಟವಾಗಿ ಉಳಿದಿರುವುದು ಗಮನಿಸತಕ್ಕದ್ದು.

ಮಿರ್ಲೆಗೆ ಇನ್ನೂ ಸಮೀಪದ ಸಾಕ್ಷ್ಯ ಬೇಕೆಂದರೆ ಹೆಗ್ಗಡದೇವನಕೋಟೆಯ ಕಡೆ ನೋಡಬೇಕು. ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟದಲ್ಲಿ ಎಡತೊರೆ, ಹುಣಸೂರು, ಹೆಗ್ಗಡದೇವನಕೋಟೆ ಮುಂತಾದ ತಾಲ್ಲೂಕುಗಳ ಶಾಸನಗಳು ಅಚ್ಚಾದುವು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಈ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸಿತು. ಅವುಗಳಲ್ಲಿ ಬೆಳತೂರಿನ 1057ರ ಶಾಸನವು ಸುಪ್ರಸಿದ್ಧವಾದುದು. ರವಿಗನ ಮಗಳಾದ ದೇಕಬ್ಬೆಯು ತನ್ನ ಗಂಡನಾದ ಏಚನ ಮರಣದ ವಾರ್ತೆಯನ್ನು ಕೇಳಿ, ಬಂಧುಗಳು ತಡೆದರೂ ಕೇಳದೆ ಅಗ್ನಿಪ್ರವೇಶ ಮಾಡಿದ ಕರುಣಕಥೆ ಅದರಲ್ಲಿದೆ. ಏಚನು ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದನು; ಅದಕ್ಕಾಗಿ ತಾನೇ ಕೊಲ್ಲಲ್ಪಟ್ಟನು. ಕೊಂದವನೂ ಅವನೇ, ಕೊಲೆಗೆ ಈಡಾದವನೂ ಅವನೇ ಆಗಿರುವ ಇಂತಹ ವೃತ್ತಾಂತದಲ್ಲಿ ಪ್ರಥಮಾ ದ್ವಿತೀಯಾ ವಿಭಕ್ತಿಗಳು ಕಲಸಿಹೋದರೆ ಕಥೆಯೇ ತಲೆಕೆಳಗಾಗುವುದು. ಶಾಸನಕವಿಯು ಪದ್ಯದ ಬಿಗಿಯಲ್ಲಿಯೂ ಆ ಭಾಗವನ್ನು ಕೆಡಗೊಟ್ಟಿಲ್ಲ. ಆತನು ಛಂದಸ್ಸಿನ ಜತೆಗೆ ವ್ಯಾಕರಣವನ್ನೂ ಕಲಿತವನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಕೇಶಿರಾಜನ ವಿಷಯಕ್ಕೆ ಬರೋಣ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಈತನು ಪೂರ್ವಕವಿಗಳ ಪ್ರಯೋಗಗಳನ್ನೇ ಲಕ್ಷ್ಯವಾಗಿಟ್ಟುಕೊಂಡನೆಂಬ ಕಾರಣದಿಂದ ಈತನ ವ್ಯಾಕರಣವು ಕಾವ್ಯಕ್ಕೇ ಮೀಸಲಾದುದೆಂದು ಹೇಳುವುದು ವಾಡಿಕೆ. ಪೀಠಿಕೆಯಲ್ಲಿ ಅವನು ವ್ಯಾಕರಣದಿಂದ ಪದಕ್ಕೆ, ಪದದಿಂದ ಅರ್ಥಕ್ಕೆ, ಹೀಗೆ ಮೆಟ್ಟಲು ಮೆಟ್ಟಲಾಗಿ ಮುಕ್ತಿಯವರೆಗೂ ಏಣಿಯನ್ನು ಚಾಚಿರುವುದರಿಂದ ಹೊಲದ ಎಲ್ಲೆಯ ಮಾತು ಅಲ್ಲಿಗೆ ಬಲು ದೂರವೆಂದು ತೋರಬಹುದು. ಆದರೆ ಈತನು ಹುಟ್ಟಿದ ಮನೆತನವನ್ನು ನೋಡಿರಿ. ತಂದೆಯಾದ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವದ ಸಂಕಲನಕಾರ, ತಾತನು ಸುಮನೋಬಾಣ, ಸೋದರಮಾವನು ಜನ್ನ. ಯಶೋಧರಚರಿತೆಯ ಆ ಜನ್ನನೇ 1191ರ ಚನ್ನರಾಯಪಟ್ಟಣದ ಶಾಸನವೊಂದನ್ನೂ 1197ರ ತರೀಕೆರೆಯ ಶಾಸನವೊಂದನ್ನೂ ರಚಿಸಿದವನು. ಶಾಸನವೆಂಬುದು ಕಲ್ಲಿನ ಮೇಲೆ ಬರೆದ ಪತ್ರ. ದಾನಿ, ಪಾತ್ರ, ಭೂಮಿ, ಸೀಮೆ, ಶಾಪಾಶಯಗಳೆಲ್ಲವೂ ಅದರಲ್ಲಿ ಬರತಕ್ಕವು. ಕಾವ್ಯವನ್ನು ಬರೆಯುವ ಕೈಯೇ ದಾನಪತ್ರವನ್ನೂ ಬರೆಯುತ್ತಿದ್ದ ಮನೆಯಲ್ಲಿ ಬೆಳೆದವನು ವಿಭಕ್ತಿಪ್ರಕರಣವನ್ನು ಬರೆಯುವಾಗ ಕಾವ್ಯವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ನಂಬುವುದು ಕಷ್ಟ. ಇದು ನನ್ನ ಊಹೆಯೇ ಹೊರತು ಕೇಶಿರಾಜನ ಮಾತಲ್ಲ. ವಾಚಕರು ಹಾಗೆಯೇ ಎಣಿಸಬೇಕು.

ಕೇಶಿರಾಜನ ವಿಭಕ್ತಿಪ್ರತ್ಯಯಗಳು ಏಳು: ಮ್, ಅಂ, ಇಂ, ಗೆ, ಅತ್ತಣಿಂ, ಅ, ಒಳ್. ಇವುಗಳಲ್ಲಿ ಐದನೆಯದಾದ ‘ಅತ್ತಣಿಂ’ ಎಂಬುದರ ಮೇಲೆ ವಿವಾದವುಂಟು. ಕಾವ್ಯಗಳಲ್ಲಿ ಅದು ವಿರಳ. ತೃತೀಯೆಯ ‘ಇಂ’ ಎಂಬುದೇ ಬಹುಶಃ ಅದರ ಕೆಲಸವನ್ನೂ ಮಾಡುವುದು. ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕವನ್ನು ತುಂಬುವುದಕ್ಕಾಗಿ ಇದನ್ನು ಸೇರಿಸಿದರೆಂದು ಆಧುನಿಕ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಶಾಲೆಯ ವ್ಯಾಕರಣಗಳಲ್ಲಿ ಇದಕ್ಕೆ ಸಮನಾಗಿ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿಸುವುದುಂಟು. ಮಕ್ಕಳು ಅದನ್ನು ರಾಗವಾಗಿ ಒಪ್ಪಿಸಿ ಆಮೇಲೆ ಜನ್ಮದಲ್ಲಿ ಒಮ್ಮೆಯೂ ಬಳಸುವುದಿಲ್ಲ. ನಾನೂ ಬಹುಕಾಲ ಇದನ್ನು ವ್ಯರ್ಥವೆಂದೇ ತಿಳಿದಿದ್ದೆನು. ಆದರೆ ಕಚೇರಿಯ ಒಂದು ವಾಕ್ಯವನ್ನು ನೋಡಿರಿ: ‘ತಹಶೀಲ್ದಾರರಿಂದ ಅರ್ಜಿಯನ್ನು ಸ್ವೀಕರಿಸಲಾಗಿದೆ’. ಅರ್ಜಿಯನ್ನು ತಹಶೀಲ್ದಾರರು ಸ್ವೀಕರಿಸಿದರೋ, ತಹಶೀಲ್ದಾರರ ಕಡೆಯಿಂದ ಬಂದುದನ್ನು ಬೇರೊಬ್ಬರು ಸ್ವೀಕರಿಸಿದರೋ? ಮೊದಲನೆಯದು ತೃತೀಯೆ, ಎರಡನೆಯದು ಪಂಚಮಿ. ರೂಪವೊಂದು, ಕಾರಕಗಳೆರಡು. ಗಡುವಿನೊಳಗೆ ಅರ್ಜಿ ಯಾರ ಕೈ ಸೇರಿತೆಂಬುದರ ಮೇಲೆ ಒಬ್ಬ ರೈತನ ಹಕ್ಕು ನಿಂತಿದ್ದಲ್ಲಿ ಈ ಎರಡರ ಭೇದವು ಪಂಡಿತರ ಹರಟೆಯಲ್ಲ. ‘ತಹಶೀಲ್ದಾರರು ಅರ್ಜಿಯನ್ನು ಸ್ವೀಕರಿಸಿದ್ದಾರೆ’ ಎಂದು ಕರ್ತರಿಯಲ್ಲಿ ಬರೆದಿದ್ದರೆ ತೀರಿತು. ಕನ್ನಡಕ್ಕೆ ಅಷ್ಟಾಗಿ ಒಗ್ಗದ ಕರ್ಮಣಿಪ್ರಯೋಗವು ಇಂಗ್ಲಿಷಿನ ಅನುವಾದದ ಮೂಲಕ ನಮ್ಮ ಕಚೇರಿಗಳಿಗೆ ಹೇರಳವಾಗಿ ಬಂದಿತು. ‘ಇಂದ’ ಪ್ರತ್ಯಯದ ಮೇಲೆ ಅದು ಹೊರಲಾರದ ಭಾರವನ್ನು ಹೇರಿತು. ಕೇಶಿರಾಜನು ಪಂಚಮಿಯನ್ನು ಬೇರೆ ಮಾಡಿದುದು ಲೆಕ್ಕ ತುಂಬುವುದಕ್ಕೇ ಇರಲಿ, ಅವನು ಗುರುತಿಸಿದ ಅರ್ಥಭೇದವು ನಿಜವಾದುದು.

ಪರದೇಶೀಯರು ಕನ್ನಡಕ್ಕೆ ವ್ಯಾಕರಣಗಳನ್ನು ಬರೆದ ಕಾರಣವನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯಬಹುದು. ವಿಲಿಯಂ ಕೇರಿಯ ವ್ಯಾಕರಣವು 1817ರಲ್ಲಿಯೂ, ಮದರಾಸಿನ ಕಂಪೆನಿ ಸರ್ಕಾರದ ನೌಕರಿಯಲ್ಲಿದ್ದ ಜಾನ್ ಮೆಕೆರೆಲನ ವ್ಯಾಕರಣವು 1820ರಲ್ಲಿಯೂ, ಹಾಡ್ಸನನದು 1859ರಲ್ಲಿಯೂ ಹೊರಬಂದುವು. ಕೇರಿಗೂ ಹಾಡ್ಸನನಿಗೂ ಮತಪ್ರಚಾರವು ಮುಖ್ಯವಾಗಿದ್ದರೂ, ಕಂಪೆನಿಯ ಅಧಿಕಾರಿಗಳಿಗೆ ಬೇಕಾಗಿದ್ದುದು ರೈತನ ಅರ್ಜಿಯನ್ನು ಓದಿ ತಿಳಿಯುವ ಶಕ್ತಿ. ಈ ನಡುವೆ 1838ರಲ್ಲಿ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯನು ಹೊಸಗನ್ನಡ ನುಡಿಗನ್ನಡಿಯನ್ನು ಬರೆದನು. ಕಾವ್ಯದ ಹಳಗನ್ನಡವನ್ನು ಬಿಟ್ಟು ತನ್ನ ಕಾಲದ ನುಡಿಗೇ ವ್ಯಾಕರಣವನ್ನು ರಚಿಸಿದ ಈತನ ಉದ್ಯಮವು ಕಿಟ್ಟೆಲರ 1903ರ ವ್ಯಾಕರಣದ ಕೀರ್ತಿಯ ಮುಂದೆ ಮರೆಯಾಗಿಹೋಗಿರುವುದು ಅನ್ಯಾಯ. ಜನರು ಆಗ ಆಡುತ್ತಿದ್ದ, ಬರೆಯುತ್ತಿದ್ದ ನುಡಿಗೂ ನಿಯಮವುಂಟೆಂಬುದು ಆತನ ಗ್ರಂಥದ ಹೆಸರಿನಲ್ಲಿಯೇ ಇದೆ.

ಹಳ್ಳಿಯಲ್ಲಿ ಈ ನಿಯಮವನ್ನು ಕಾಯುತ್ತಿದ್ದವನು ಶಾನುಭೋಗ. ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಹಳೆಯ ಕಾಗದಗಳನ್ನು ಓದಿ ಓದಿ ರೂಢಿಸಿಕೊಂಡವನು ಅವನು. ಹುಣಿಸೆಯ ಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಅವನು ಲೆಕ್ಕ ಬರೆಯುತ್ತಿದ್ದನು. ಅವನ ಶಬ್ದಭಂಡಾರವು ಪಾರಸಿ ಮರಾಠಿಗಳಿಂದ ತುಂಬಿದ್ದಿತು: ಜಮೀನು, ಖಾತೆ, ಜಮಾಬಂದಿ, ತಕರಾರು, ಬಿಕ್ಕಲಂ. ಆದರೂ ಅವನು ‘ಜಮೀನನ್ನು’, ‘ಖಾತೆಗೆ’, ‘ಜಮಾಬಂದಿಯಲ್ಲಿ’ ಎಂದೇ ಬರೆದನು. ಪದಗಳು ಎಲ್ಲಿಂದ ಬಂದರೂ ಪ್ರತ್ಯಯಗಳು ಕನ್ನಡದವೇ. ಶುದ್ಧಭಾಷೆಯೆಂದರೆ ಅನ್ಯದೇಶ್ಯಗಳಿಲ್ಲದ ಭಾಷೆಯೆಂದು ತಿಳಿದಿರುವ ನಮ್ಮ ಕೆಲವು ಮಿತ್ರರು ಈ ಕಡತಗಳನ್ನು ನೋಡಿ ಮೂಗು ಮುರಿಯುವುದುಂಟು. ಅವುಗಳಲ್ಲಿ ಪದಗಳು ಬೆರಕೆ, ವ್ಯಾಕರಣವು ನಿರ್ದುಷ್ಟ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. 1961ರ ಗ್ರಾಮಾಧಿಕಾರಗಳ ರದ್ದಿಯಾತಿಯ ಕಾನೂನಿನಿಂದ ಆನುವಂಶಿಕ ಶಾನುಭೋಗಿಕೆಯು ಅಳಿಯಿತು. ಅದರ ಜತೆಯಲ್ಲಿದ್ದ ಲೋಪಗಳೂ ದಬ್ಬಾಳಿಕೆಯೂ ಅಲ್ಪವಲ್ಲ. ಓದುಬರಹವು ಕೆಲವೇ ಮನೆಗಳ ಸೊತ್ತಾಗಿದ್ದ ಕಾಲದಲ್ಲಿ ತನ್ನ ಗದ್ದೆಯ ಪತ್ರದಲ್ಲಿ ಏನು ಬರೆದಿದೆಯೆಂಬುದನ್ನು ಒಕ್ಕಲಿಗನು ಇನ್ನೊಬ್ಬನ ಬಾಯಿಂದಲೇ ಕೇಳಬೇಕಾಗಿದ್ದಿತು. ಆ ವ್ಯವಸ್ಥೆ ಹೋದುದಕ್ಕೆ ವ್ಯಸನಪಡಬೇಕಾಗಿಲ್ಲ. ಅದರೊಡನೆ ಪತ್ರಲೇಖನದ ಒಂದು ಶಿಕ್ಷಣವೂ ಹೋಯಿತೆಂಬುದನ್ನು ಮಾತ್ರ ಗುರುತಿಸಬೇಕು.

ಪತ್ರಗಳ ಒಕ್ಕಣೆಯನ್ನು ಸ್ವಲ್ಪ ಪರಿಶೀಲಿಸೋಣ. ‘ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೆಂತೆಂದರೆ’ ಎಂದು ಮೊದಲಾಗುವ ಸಂಪ್ರದಾಯವನ್ನು ಎಲ್ಲರೂ ಬಲ್ಲರು. ಇಲ್ಲಿ ‘ಬರೆದು’ ಎನ್ನದೆ ‘ಬರೆಸಿ’ ಎಂದು ಪ್ರೇರಣಾರ್ಥಕವನ್ನು ಹಾಕಿರುವುದರಿಂದಲೇ ಪತ್ರದ ಕರ್ತನು ಬೇರೆ, ಲೇಖಕನು ಬೇರೆ ಎಂಬುದು ತಿಳಿಯುವುದು. ಲೇಖಕನು ಕೊನೆಯಲ್ಲಿ ಬಿಕ್ಕಲಂ ಎಂದು ತನ್ನ ಹೆಸರು ಹಾಕುವನು. ‘ಇಸು’ ಪ್ರತ್ಯಯವೊಂದು ಬಿದ್ದುಹೋದರೆ ಬರೆದ ಬಡಪಾಯಿಯೇ ಭೂಮಿ ಮಾರಿದವನಾಗುವನು. ಆದರೆ ಈ ಒಕ್ಕಣೆಯಲ್ಲಿ ಒಂದು ದೊಡ್ಡ ಅಪಾಯವೂ ಅಡಗಿದೆ. ಇಡೀ ಪತ್ರವು ಒಂದೇ ವಾಕ್ಯವಾಗಿ ‘ಪಡೆದು’, ‘ಅನುಭವಿಸಿಕೊಂಡು’, ‘ತೀರಿಸಿ’ ಎಂದು ಪೂರ್ವಕಾಲಕ್ರಿಯೆಗಳ ಸರಪಣಿಯಲ್ಲಿ ಸಾಗುವುದು. ಇಂತಹ ಕ್ರಿಯೆಗಳಿಗೂ ಮುಂದಿನ ಪೂರ್ಣಕ್ರಿಯೆಗೂ ಕರ್ತೃವು ಒಬ್ಬನೇ ಆಗಿರಬೇಕೆಂಬುದು ವ್ಯಾಕರಣದ ನಿಯಮ. ಭೋಗ್ಯದ ಪತ್ರದಲ್ಲಿ ಹಣ ಪಡೆಯುವವನು ಒಬ್ಬ, ಗದ್ದೆಯನ್ನು ಅನುಭವಿಸುವವನು ಇನ್ನೊಬ್ಬ. ಸರಪಣಿಯ ನಡುವೆ ಕರ್ತೃವು ಸದ್ದಿಲ್ಲದೆ ಬದಲಾದರೆ ಕೊನೆಯ ಕರ್ತವ್ಯವು ಯಾರ ಕೊರಳಿಗೆ ಬಿದ್ದಿತೆಂಬುದು ತಿಳಿಯದು.

‘ಅವಧಿಯೊಳಗೆ ಹಣವನ್ನು ಕೊಟ್ಟರೆ ಗದ್ದೆಯನ್ನು ಬಿಟ್ಟುಕೊಡುವುದು’ ಎಂಬ ರೀತಿಯ ವಾಕ್ಯವನ್ನು ತೆಗೆದುಕೊಳ್ಳಿರಿ. ಕನ್ನಡದ ಕ್ರಿಯಾಪದವು ಪುರುಷ, ಲಿಂಗ, ವಚನಗಳನ್ನು ಬಿಚ್ಚಿ ಹೇಳತಕ್ಕುದು: ಬಿಡುವೆನು, ಬಿಡುವಿರಿ, ಬಿಡುವನು. ‘ಬಿಡುವುದು’ ಎಂಬ ರೂಪವೊಂದೇ ಈ ಮೂವರನ್ನೂ ಮರೆಮಾಡುವುದು. ಅದು ವಿಧಿಯೋ, ಒಪ್ಪಿಗೆಯೋ, ಬರಿಯ ಆಶಯವೋ? ಇಂತಹ ಷರತ್ತಿನ ಬೆಲೆ ಎಷ್ಟೆಂಬುದನ್ನು ಕಾನೂನಿನಿಂದ ತಿಳಿಯಬಹುದು. 1882ರ ಸ್ವತ್ತಿನ ಹಸ್ತಾಂತರದ ಕಾನೂನಿನ 58ನೆಯ ವಿಧಿಗೆ 1929ರಲ್ಲಿ ಒಂದು ನಿಬಂಧನೆಯನ್ನು ಸೇರಿಸಲಾಯಿತು. ಅದರಂತೆ, ಹಿಂದಿರುಗಿಸುವ ಷರತ್ತು ಕ್ರಯಪತ್ರದ ಒಳಗೇ ಅಡಕವಾಗಿಲ್ಲದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಎಣಿಸಕೂಡದು. ಅಡಮಾನವಾದಲ್ಲಿ ಸಾಲಗಾರನು ತನ್ನ ಭೂಮಿಯನ್ನು ಬಿಡಿಸಿಕೊಳ್ಳುವುದಕ್ಕೆ 1963ರ ಕಾಲಮಿತಿಯ ಕಾನೂನಿನ ಮೇರೆಗೆ 30 ವರ್ಷಗಳ ಅವಧಿಯುಂಟು. ಕ್ರಯವಾದಲ್ಲಿ ವಾಯಿದೆ ತಪ್ಪಿದ ಮರುದಿನವೇ ಭೂಮಿ ಹೋದಂತೆ. ಷರತ್ತು ಪತ್ರದ ಒಳಗಿದ್ದ ಮಾತ್ರಕ್ಕೂ ಸಾಲದು. ಅದು ಅಡಮಾನವೋ, ಮರುಕ್ರಯದ ಕರಾರಿರುವ ಕ್ರಯವೋ ಎಂಬುದನ್ನು ನ್ಯಾಯಾಲಯಗಳು ಮೊಟ್ಟಮೊದಲು ಪತ್ರದ ಮಾತುಗಳಿಂದಲೇ ನಿರ್ಣಯಿಸುವುವು. ಒಂದು ಕುಟುಂಬದ ಅನ್ನವು ಒಂದು ವಾಕ್ಯದ ಅನ್ವಯದ ಮೇಲೆ ನಿಂತಿರುವುದು.

‘ಬಾಯಿಮಾತಿನಲ್ಲಿ ಎಲ್ಲರಿಗೂ ಅರ್ಥವಾಗಿತ್ತಲ್ಲ, ಸಾಕ್ಷಿಗಳನ್ನು ಕೇಳಿದರಾಯಿತು’ ಎನ್ನುವವರಿಗೆ ಇನ್ನೊಂದು ಕಾನೂನು ಅಡ್ಡ ಬರುವುದು. ಪತ್ರದ ಭಾಷೆಯು ಮೇಲ್ನೋಟಕ್ಕೇ ಸಂದಿಗ್ಧವಾಗಿ ಅಥವಾ ದೋಷಯುಕ್ತವಾಗಿ ಇದ್ದಲ್ಲಿ ಅದರ ಅರ್ಥವನ್ನು ತೋರಿಸುವುದಕ್ಕಾಗಲಿ ಕೊರತೆಯನ್ನು ತುಂಬುವುದಕ್ಕಾಗಲಿ ಹೊರಗಿನ ಸಾಕ್ಷ್ಯವನ್ನು ಕೊಡಕೂಡದೆಂದು 1872ರ ಸಾಕ್ಷ್ಯದ ಕಾನೂನು ತನ್ನ 93ನೆಯ ವಿಧಿಯಲ್ಲಿ ಹೇಳಿತು. 2024ರ ಜುಲೈ 1ರಿಂದ ಆ ಕಾನೂನಿನ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನು ಬಿಟ್ಟಿಲ್ಲ. ಮಾತಿನಲ್ಲಿ ಪ್ರತ್ಯಯ ಜಾರಿದರೆ ಕಣ್ಣು, ಕೈ, ಎದುರಿಗಿರುವ ಗದ್ದೆಯ ಬದು ಇವೆಲ್ಲ ಸೇರಿ ಅರ್ಥವನ್ನು ತಿದ್ದುವುವು. ಬರೆದವನೂ ಬರೆಸಿದವನೂ ತೀರಿಹೋದ ಮೇಲೆ ಮಾತನಾಡಬೇಕಾದುದು ಕಾಗದ. ಅದಕ್ಕೆ ಕೈಯೂ ಇಲ್ಲ, ಕಣ್ಣೂ ಇಲ್ಲ.

ಇಷ್ಟು ಹೇಳಿದುದರಿಂದ ವ್ಯಾಕರಣದ ಎಲ್ಲ ನಿಯಮಗಳಿಗೂ ಸಮಾನವಾದ ತೂಕವುಂಟೆಂದು ಯಾರೂ ಭಾವಿಸಬಾರದು. ಕೇಶಿರಾಜನ ಕಾಲಕ್ಕಾಗಲೇ ‘ೞ’ಕಾರವು ಜನರ ಬಾಯಲ್ಲಿ ಸಡಿಲಿದ್ದಿತು, ಅದಿರುವ ಶಬ್ದಗಳನ್ನು ಆತನು ಪಟ್ಟಿಮಾಡಿ ಕೊಡಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ಆಮೇಲೆ ಅದು ಪೂರ್ತಿಯಾಗಿ ಅಳಿಯಿತು. ನಾಶವಾಗು ಎಂಬರ್ಥದ ‘ಅೞಿ’ಯೂ ದುಂಬಿಯೆಂಬ ಅರ್ಥದ ‘ಅಳಿ’ಯೂ ಒಂದಾದುವು, ಅದರಿಂದ ಯಾರ ಗದ್ದೆಯೂ ಕೈತಪ್ಪಲಿಲ್ಲ. ಹಾಗೆಯೇ ಈ ಸೀಮೆಯ ಒಕ್ಕಲಿಗನು ‘ಹಾಲು’ ಎಂಬುದನ್ನು ‘ಆಲು’ ಎಂದರೆ ನಗುವವರಿದ್ದಾರೆ. ಆ ನಗೆಗೂ ವ್ಯಾಕರಣಕ್ಕೂ ಸಂಬಂಧವಿಲ್ಲ. ಅದು ಮೇಲುಕೀಳಿನ ಭಾವನೆಯಿಂದ ಹುಟ್ಟಿದುದು. ಅದೇ ಒಕ್ಕಲಿಗನು ಮಾತನಾಡುವಾಗ ‘ನಂಜಪ್ಪನ್ನ’ ಎಂದು ದ್ವಿತೀಯೆಯಲ್ಲಿ ನಕಾರವನ್ನು ಒತ್ತಿ, ‘ನಂಜಪ್ಪನ’ ಎಂದು ಷಷ್ಠಿಯಲ್ಲಿ ತೇಲಿಸಿ ನುಡಿಯುವನು. ಎಷ್ಟು ಅವಸರದಲ್ಲಿದ್ದರೂ ಇವೆರಡನ್ನು ಅವನು ಕಲಸುವುದಿಲ್ಲ. ಕಲಸುವವನು ಅರ್ಜಿಯನ್ನು ಬರೆಯುವ ಅರೆವಿದ್ಯಾವಂತ. ಒಂದು ಒತ್ತಕ್ಷರವನ್ನು ಬಿಟ್ಟು ‘ನಂಜಪ್ಪನ ಹೊಡೆದರು’ ಎಂದು ಬರೆದು, ನಂಜಪ್ಪನ ಏನನ್ನು ಹೊಡೆದರೆಂದು ಓದುವವನು ತಡಕುವಂತೆ ಮಾಡುವನು. ಹಳ್ಳಿಯ ಮಾತಿಗೆ ವ್ಯಾಕರಣವಿಲ್ಲವೆಂಬ ಆಕ್ಷೇಪವು ಇಲ್ಲಿ ತಿರುಗುಬಾಣವಾಗುವುದು.

1963ರ ರಾಜಭಾಷೆಯ ಅಧಿನಿಯಮದಿಂದ ಕನ್ನಡವು ರಾಜ್ಯದ ಆಡಳಿತಭಾಷೆಯಾಯಿತು. 2000ದ ಸುಮಾರಿನಿಂದ ‘ಭೂಮಿ’ ಎಂಬ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಪಹಣಿಯ ನಮೂನೆಯನ್ನು ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಒಂದು ವಿಶೇಷವು ಕಾಣುವುದು. ಸ್ವಾಧೀನದಾರನ ಹೆಸರು, ವಿಸ್ತೀರ್ಣ, ಹಕ್ಕು ಬಂದ ರೀತಿ ಎಂಬಂತೆ ಪ್ರತಿಯೊಂದು ಸಂಗತಿಗೂ ಒಂದೊಂದು ಅಂಕಣವಿದೆ. ಹೆಸರು ಯಾವ ಅಂಕಣದಲ್ಲಿದೆಯೋ ಅದೇ ಅದರ ವಿಭಕ್ತಿ. ಹಿಂದೆ ಪ್ರತ್ಯಯವು ಮಾಡುತ್ತಿದ್ದ ಕೆಲಸವನ್ನು ಈಗ ಗೆರೆಗಳು ಮಾಡುತ್ತಿವೆ. ಇದರಿಂದ ಅನೇಕ ಗೊಂದಲಗಳು ತಪ್ಪಿವೆಯೆಂಬುದನ್ನು ಒಪ್ಪಬೇಕು. ಆದರೆ ಜೀವನದ ವ್ಯವಹಾರವೆಲ್ಲವೂ ಅಂಕಣಗಳಲ್ಲಿ ಹಿಡಿಸುವುದಿಲ್ಲ. ಅಣ್ಣತಮ್ಮಂದಿರ ಪಾಲು, ಬಾವಿಯ ನೀರಿನ ಸರದಿ, ನಾಲೆಯ ದಂಡೆಯ ಮೇಲೆ ಗಾಡಿಯ ಹಾದಿ, ವಿಧವೆಯ ಜೀವನಾಂಶ ಇವುಗಳನ್ನು ಹೇಳುವುದಕ್ಕೆ ವಾಕ್ಯವೇ ಬೇಕು. ಪಾಲುಪತ್ರದಲ್ಲಿ ಈ ವಾಕ್ಯವನ್ನು ಬರೆಯುವವನು ಇಂದು ಬಹುಮಟ್ಟಿಗೆ ಹಳೆಯದೊಂದು ಮಾದರಿಯನ್ನು ಮುಂದಿಟ್ಟುಕೊಂಡು ಹೆಸರುಗಳನ್ನು ಮಾತ್ರ ಬದಲಿಸುವನು. ಮಾದರಿಯಲ್ಲಿ ಮಾರಿದವನು ಒಬ್ಬನಿದ್ದು ಇಲ್ಲಿ ಮೂವರಿದ್ದರೂ ಕ್ರಿಯಾಪದವು ಏಕವಚನದಲ್ಲಿಯೇ ಉಳಿಯುವುದು. ಅಲ್ಲಿ ಗಂಡಸು ಇದ್ದು ಇಲ್ಲಿ ಹೆಂಗಸಿದ್ದರೂ ‘ಅವನು’ ಎಂಬುದು ಹಾಗೆಯೇ ನಿಲ್ಲುವುದು. ಮೂವರು ಸೋದರರ ಹೆಸರುಗಳ ಕೆಳಗೆ ‘ಒಪ್ಪಿರುತ್ತೇನೆ’ ಎಂದು ಮುಗಿಯುವ ಪತ್ರಗಳನ್ನು ನಾನು ಕಂಡಿದ್ದೇನೆ. ಒಪ್ಪಿದವನು ಆ ಮೂವರಲ್ಲಿ ಯಾರೆಂಬುದನ್ನು ಹೆಬ್ಬೆಟ್ಟಿನ ಗುರುತುಗಳು ಹೇಳುವುದಿಲ್ಲ.